ಸೂಜಿಗೆ ಸಿಕ್ಕ ಮರ್ಯಾದೆ ಹಾಡಿಗೂ ಸಿಗಲಿ

ದೋಣಿಮಲೈಯಲ್ಲಿ ಕೂತು ಪೋಲೆಂಡ್‌ ದೇಶದ ಪಿಯಾನೊ ಸಂಗೀತದ ಬಗ್ಗೆ ಬರೆದರೆ ಕೆಲವರಿಗೆ ತಮಾಷೆ ಎನಿಸಬಹುದು. ಅದಿರು ಲಾರಿಗಳ ಸದ್ದೇ ನಮ್ಮೂರ ಸಂಗೀತ ಎಂದು ಗೆಳೆಯರು ಛೇಡಿಸುತ್ತಾರೆ. ಆದರೆ ಮೊಬೈಲ್‌ನಲ್ಲಿ ಶೋಪ್ಯಾನ್‌ನ ‘ಮಜುರ್ಕಾ’ ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಸಂಡೂರು ಸುತ್ತಲಿನ ತಾಂಡಾಗಳ ಕುಣಿತ.

ಫ್ರೆಡೆರಿಕ್ ಶೋಪ್ಯಾನ್ ಹುಟ್ಟಿದ್ದು 1810ರಲ್ಲಿ, ವಾರ್ಸಾ ನಗರದ ಹತ್ತಿರದ ಹಳ್ಳಿಯಲ್ಲಿ. ಪೋಲೆಂಡನ್ನು ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು 1795ರ ಹೊತ್ತಿಗೇ ಪೂರ್ತಿ ಹಂಚಿಕೊಂಡಿದ್ದವು. ಬೇಸಿಗೆ ರಜೆಗೆ ಹಳ್ಳಿಗೆ ಹೋದ ಹುಡುಗ ರೈತರ ಹಾಡು, ಕುಣಿತಗಳನ್ನು ಕಿವಿಗೊಟ್ಟು ಕೇಳಿದ. 1830ರಲ್ಲಿ ದೇಶ ಬಿಟ್ಟವನು ಮತ್ತೆ ತವರಿಗೆ ಮರಳಲೇ ಇಲ್ಲ. ಆದರೂ 1849ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಳ್ಳುವಷ್ಟರಲ್ಲಿ 50ಕ್ಕೂ ಹೆಚ್ಚು ಮಜುರ್ಕಾಗಳನ್ನು ಬರೆದಿದ್ದ.

ಮಜುರ್ಕಾದ್ದು ಮೂರು ಎಣಿಕೆಯ ನಡೆ. ಒತ್ತು ಮಾತ್ರ ಹೆಚ್ಚಾಗಿ ಎರಡನೆಯ ಅಥವಾ ಮೂರನೆಯ ಎಣಿಕೆಯ ಮೇಲೆ ಬೀಳುತ್ತದೆ. ಕೆಲವು ಕಡೆ ಎಡಗೈ ನಮ್ಮ ಶ್ರುತಿಯಂತೆ ಒಂದೇ ಸ್ವರ ಹಿಡಿದು ನಿಲ್ಲುತ್ತದೆ. ಶೋಪ್ಯಾನ್ ಹಳ್ಳಿ ಹಾಡುಗಳನ್ನು ಎತ್ತಿ ತಂದಿದ್ದು ಕಡಿಮೆ, ಅವುಗಳ ನಡಿಗೆ ಕಲಿತು ತನ್ನದೇ ಕಟ್ಟಿದ. ಆ ಸಂಗೀತಕ್ಕೆ ಎಷ್ಟು ಬಲವಿತ್ತೆಂದರೆ, ಎರಡನೇ ಮಹಾಯುದ್ಧದಲ್ಲಿ ಪೋಲೆಂಡ್ ಆಕ್ರಮಿಸಿದ ನಾಜಿಗಳು ಅದನ್ನು ನುಡಿಸುವುದನ್ನೇ ನಿಷೇಧಿಸಿದರು.

ಈಗ ನಮ್ಮ ಕಡೆ ನೋಡೋಣ. 2023ರ ಜುಲೈನಲ್ಲಿ ಹಂಪಿಯ ಜಿ–20 ಸಭೆಯ ವೇಳೆ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಈ ಕಸೂತಿಗೆ ಜಿಐ ಮಾನ್ಯತೆಯೂ ಇದೆ. ಆದರೆ ಅದೇ ಕೈಗಳು ಚಪ್ಪಾಳೆ ತಟ್ಟಿ, ಸುತ್ತುಗಟ್ಟಿ ಕುಣಿಯುವಾಗಿನ ತೀಜ್ ಹಾಡುಗಳ ಕಥೆ ಏನು? ಕಾಲೇಜು ಯುವಜನೋತ್ಸವಗಳಲ್ಲಿ ನಾನು ಕಂಡಂತೆ ಕನ್ನಡಿ ಹಚ್ಚಿದ ಲಂಗಕ್ಕೆ ಬಹುಮಾನ ಬರುತ್ತದೆ, ಹಾಡಿನ ಅರ್ಥ ಕೇಳುವವರಿಲ್ಲ. ಲಂಬಾಣಿ ನುಡಿಗೆ ಸ್ವಂತ ಲಿಪಿ ಇಲ್ಲ. ಹಾಡುವ ಅಜ್ಜಿ ಹೋದರೆ ಹಾಡೂ ಹೋದಂತೆ.

‘ಕೆಲಸ ಹುಡುಕುವುದೇ ಸಾಕಾಗಿದೆ, ಇದೆಲ್ಲ ಯಾರಿಗೆ ಬೇಕು’ ಎನ್ನುವವರ ಕಷ್ಟ ನನಗೂ ಗೊತ್ತು, ನಾನೂ ಅರ್ಜಿ ಹಾಕುತ್ತಾ ಕೂತವನೇ. ಆದರೆ ಕಸೂತಿಗೆ ಬೆಲೆ ಬಂದಿದ್ದು, ಅದು ಇಂಥವರದು, ಇಂಥ ಊರಿನದು ಎಂದು ದಾಖಲಾದ ಮೇಲಲ್ಲವೇ? ಸ್ವತಃ ಪಿಯಾನೊ ನುಡಿಸುತ್ತಿದ್ದ ಜಯಚಾಮರಾಜ ಒಡೆಯರ್, ರಷ್ಯಾ ತೊರೆದು ಲಂಡನ್‌ನಲ್ಲಿ ನೆಲೆಸಿದ್ದ ಮೆಟ್ನರ್ ಎಂಬ ಸಂಗೀತಗಾರನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟಿದ್ದರು. ಅಂದು ಅದಕ್ಕೆ ಅರಮನೆಯ ಬೊಕ್ಕಸವೇ ಬೇಕಾಯಿತು. ಇಂದು ರೆಕಾರ್ಡರ್ ನಮ್ಮೆಲ್ಲರ ಜೇಬಿನಲ್ಲೇ ಇದೆ.

ಹಬ್ಬಕ್ಕೆ ಊರಿಗೆ ಹೋದಾಗ ಒಂದು ಹಾಡನ್ನಾದರೂ ಅನುಮತಿ ಕೇಳಿ ಮುದ್ರಿಸಿಕೊಳ್ಳಿ. ಹಾಡಿದವರ ಹೆಸರು, ತಾಂಡಾ, ಅರ್ಥ ಎಲ್ಲವನ್ನೂ ಕನ್ನಡದಲ್ಲಿ ಬರೆದಿಡಿ. ಕೀಬೋರ್ಡ್, ಗಿಟಾರ್ ಗೊತ್ತಿದ್ದವರು ಆ ನಡಿಗೆಯ ಮೇಲೆ ಹೊಸದು ಕಟ್ಟಲಿ. ಕಟ್ಟಿದಾಗ ಅಜ್ಜಿಯ ಹೆಸರನ್ನು ಮಾತ್ರ ಬಿಡಬಾರದು.