ಕಾರ್ ಇಂಜಿನ್ ವಿಮಾನ: ಉಳಿತಾಯ ಯಾರದು, ರಿಸ್ಕ್ ಯಾರದು?

(1/3)
ಹೋದ ವಾರ ನಮ್ಮ ಕ್ಲಾಸ್ ಗ್ರೂಪಲ್ಲಿ ಒಂದು ರೀಲ್ ಓಡಾಡ್ತು, ನೋಡಿದ್ರಾ? ಅಮೆರಿಕದಲ್ಲಿ ಒಬ್ಬರು ಕಿಟ್ ತರಿಸಿ, ಮನೆ ಗ್ಯಾರೇಜಲ್ಲೇ ವಿಮಾನ ಜೋಡಿಸಿ, ಹಳೇ ಕಾರಿನ ಇಂಜಿನ್ ಕೂರಿಸಿ ಹಾರಿಸಿದ್ದು. ಕೆಳಗೆ ಎಲ್ಲರದ್ದೂ ಒಂದೇ ಮಾತು: "ಲಕ್ಷಗಟ್ಟಲೆ ಉಳೀತು ಗುರೂ!" ನಾನೂ ಲೈಕ್ ಒತ್ತಿದೆ. ಆದ್ರೆ ಬಿಕಾಂ ಓದೋರು ನಾವು. ಉಳಿತಾಯ ಅಂದ ತಕ್ಷಣ ಲೆಡ್ಜರ್‌ನ ಇನ್ನೊಂದು ಬದಿನೂ ನೋಡ್ಬೇಕಲ್ವಾ?

ಮೊದಲೇ ಹೇಳ್ತೀನಿ, ಇದು ಹುಚ್ಚಾಟ ಅಲ್ಲ. 1929ರ ಸುಮಾರಿಗೇ ಮಿನ್ನೆಸೋಟದ ಚೆರ್ರಿ ಗ್ರೋವ್ ಅನ್ನೋ ಪುಟ್ಟ ಊರಲ್ಲಿ ಬರ್ನಾರ್ಡ್ ಪೀಟನ್‌ಪೋಲ್ ಅನ್ನೋರು ಫೋರ್ಡ್ ಮಾಡೆಲ್ ಎ ಕಾರಿನ ಇಂಜಿನ್ ಹಾಕಿ ಎರಡು ಸೀಟಿನ 'ಏರ್ ಕ್ಯಾಂಪರ್' ಹಾರಿಸಿದ್ರು. ಬರೀ 40 ಹಾರ್ಸ್‌ಪವರ್! ಅವರ ನಕ್ಷೆ ಇಟ್ಕೊಂಡು ಜನ ಇವತ್ತಿಗೂ ಕಟ್ತಾರೆ. ಆಮೇಲೆ ಬಂದ ಫೋಕ್ಸ್‌ವ್ಯಾಗನ್ ಬೀಟಲ್ ಇಂಜಿನ್ನೂ ಅಷ್ಟೇ. ಹಗುರ, ಗಾಳಿಗೇ ತಣ್ಣಗಾಗುತ್ತೆ, ಪ್ರೊಪೆಲ್ಲರನ್ನ ನೇರವಾಗಿ ತಿರುಗಿಸುತ್ತೆ.

(2/3)
ಹಾಗಾದ್ರೆ ಖರ್ಚು ಎಲ್ಲಿ ಅಡಗಿದೆ?

ಒಂದು, ದುಡಿಮೆ. ಹೈವೇಲಿ ಹೋಗೋ ಕಾರು ತನ್ನ ಶಕ್ತಿಯ ಸಣ್ಣ ಪಾಲನ್ನಷ್ಟೇ ಬಳಸುತ್ತೆ. ವಿಮಾನಕ್ಕೆ ಟೇಕಾಫಲ್ಲಿ ಪೂರ್ತಿ ಬೇಕು, ಆಮೇಲೂ ಗಂಟೆಗಟ್ಟಲೆ 65–75% ಬೇಕು.

ಎರಡು, ಗೇರ್. ಈಗಿನ ಕಾರ್ ಇಂಜಿನ್ ಪೂರ್ತಿ ಶಕ್ತಿ ಕೊಡೋದು 5,000 ಆರ್‌ಪಿಎಂ ದಾಟಿದ ಮೇಲೆ. ಪ್ರೊಪೆಲ್ಲರ್ ಅಷ್ಟು ಜೋರಾಗಿ ತಿರುಗಿದ್ರೆ ಅದರ ತುದಿ ಶಬ್ದದ ವೇಗಕ್ಕೆ ಹತ್ತಿರವಾಗಿ ಕೆಲಸ ಕೆಡುತ್ತೆ. ಅದಕ್ಕೆ 2,700ರ ಆಸುಪಾಸು ಸಾಕು. ಹಾಗಾಗಿ ಮಧ್ಯೆ ವೇಗ ಇಳಿಸೋ ಗೇರ್‌ಬಾಕ್ಸ್ ಬೇಕು. ಇಂಜಿನ್‌ನ ಪ್ರತಿ ಹೊಡೆತವೂ ಅದನ್ನ ತಿರುಚುತ್ತೆ. ವಿನ್ಯಾಸ ತಪ್ಪಿದ್ರೆ ಶಾಫ್ಟ್ ಮುರಿದು, ಇಂಜಿನ್ ಓಡ್ತಾನೇ ಇದ್ರೂ ಪ್ರೊಪೆಲ್ಲರ್‌ಗೆ ಶಕ್ತಿ ತಲುಪಲ್ಲ.

ಮೂರು, ಕರೆಂಟ್. ವಿಮಾನದ ಹಳೇ ಮಾದರಿ ಇಂಜಿನ್‌ಗೆ ಎರಡು ಮ್ಯಾಗ್ನೆಟೊ ಇರುತ್ತೆ, ಬ್ಯಾಟರಿ ಸತ್ತರೂ ಕಿಡಿ ಬರುತ್ತೆ. ಕಾರಿನದ್ದು ಕಂಪ್ಯೂಟರ್, ಪಂಪ್ ಎಲ್ಲಾ ಕರೆಂಟ್ ನಂಬಿದ್ದು. ಅಂದ್ರೆ ಎರಡನೇ ಬ್ಯಾಟರಿ, ಎರಡನೇ ಪಂಪ್.

ಇಷ್ಟೆಲ್ಲಾ ಕೂಡಿಸಿ ನೋಡಿ. ಮೇಲೆ ನಿಮ್ಮ ವರ್ಷಗಟ್ಟಲೆ ಭಾನುವಾರಗಳು. ಅವಕ್ಕೂ ಬೆಲೆ ಇದೆ, ನಾವು ಬಿಲ್ ಹಾಕಲ್ಲ ಅಷ್ಟೇ.

(3/3)
ಪಿಯುಸಿ ರಜೆಯಲ್ಲಿ ನಮ್ಮಣ್ಣ ಬೈಕಿಗೆ ಗುಜರಿಯಿಂದ ಕಮ್ಮಿ ದುಡ್ಡಿಗೆ ಕಾರ್ಬುರೇಟರ್ ತಂದು ಹಾಕಿದ್ದ. ಚಾರ್ಮಾಡಿ ಘಾಟಿ ಮಧ್ಯೆ ಗಾಡಿ ಆಫ್. ಮಳೆ, ಕತ್ತಲು, ತಿರುವಲ್ಲಿ ಹಿಂದಿಂದ ಲಾರಿ. ತಳ್ಕೊಂಡು ಬದುಕಿದ್ವಿ. ಉಳಿದ ದುಡ್ಡು ಅವನ ಜೇಬಲ್ಲಿತ್ತು, ಹಿಂದಿನ ಸೀಟಲ್ಲಿ ನಾನಿದ್ದೆ. ನನ್ನನ್ನ ಒಂದು ಮಾತೂ ಕೇಳಿರಲಿಲ್ಲ.

ಆಕಾಶದಲ್ಲಿ ತಳ್ಕೊಂಡು ಹೋಗೋಕೆ ರಸ್ತೆ ಬದಿ ಇಲ್ಲ.

ಅಮೆರಿಕದ ನಿಯಮ ಇದನ್ನ ಅರ್ಥ ಮಾಡ್ಕೊಂಡಿದೆ ಅನ್ಸುತ್ತೆ. ಮನೇಲಿ ಕಟ್ಟಿದ ವಿಮಾನಕ್ಕೆ ಪ್ರಮಾಣಿತ ಇಂಜಿನ್–ಪ್ರೊಪೆಲ್ಲರ್ ಜೋಡಿ ಇದ್ರೆ ಸಾಮಾನ್ಯವಾಗಿ 25 ಗಂಟೆ ಪರೀಕ್ಷಾ ಹಾರಾಟ, ಇಲ್ಲದಿದ್ರೆ 40. ಆ ಗಂಟೆಗಳಲ್ಲಿ ಸುಮ್ಮನೆ ಸುತ್ತಾಡೋಕೆ ಯಾರನ್ನೂ ಕೂರಿಸ್ಕೊಳ್ಳೋ ಹಾಗಿಲ್ಲ. ಮುಗಿದ ಮೇಲೂ, ಈ ವಿಮಾನ ಮಾಮೂಲಿ ವಿಮಾನಗಳ ಸುರಕ್ಷತಾ ನಿಯಮಕ್ಕೆ ಒಳಪಟ್ಟಿಲ್ಲ ಅನ್ನೋ ಫಲಕ ಪ್ರಯಾಣಿಕರಿಗೆ ಕಾಣೋ ಹಾಗೆ ಇರ್ಬೇಕು.

"ಪ್ರಮಾಣಿತ ಇಂಜಿನ್ ಕೆಡಲ್ವಾ?" ಅಂತೀರಾ. ಕೆಡುತ್ತೆ. ಆದ್ರೆ ಅದು ಯಾವಾಗ, ಹೇಗೆ ಕೆಡುತ್ತೆ ಅಂತ ಸಾವಿರಾರು ಜನ ಹಾರಿಸಿ ಬರೆದಿಟ್ಟ ಲೆಕ್ಕ ಇದೆ. ನೀವೇ ಬದಲಾಯಿಸಿದ ಇಂಜಿನ್‌ಗೆ ಆ ಲೆಕ್ಕ ಬರೆಯೋ ಮೊದಲನೆಯವರು ನೀವೇ.

ಹಾಗಾಗಿ ನನ್ನ ಅಭಿಪ್ರಾಯ: ಕಲಿಯೋಕೆ ಅಂತ ಕಾರ್ ಇಂಜಿನ್ ಹಾಕ್ತೀರಾ? ಖಂಡಿತ ಹಾಕಿ, ಸಲಾಂ ನಿಮಗೆ. ದುಡ್ಡು ಉಳಿಸೋಕೆ ಅಂತಾನಾ? ಬೇಡ. ಉಳಿತಾಯ ನಿಮ್ಮ ಖಾತೆಗೆ ಹೋಗುತ್ತೆ, ರಿಸ್ಕ್ ಪಕ್ಕದ ಸೀಟಿನವರ ಖಾತೆಗೂ ಬೀಳುತ್ತೆ. ಅವರ ಸಹಿ ಇಲ್ದೆ ಆ ಎಂಟ್ರಿ ಹಾಕ್ಬೇಡಿ.

ನೀವಾಗಿದ್ರೆ ಪಕ್ಕದ ಸೀಟಲ್ಲಿ ಕೂರ್ತಿದ್ರಾ? ಕಾಮೆಂಟಲ್ಲಿ ಹೇಳಿ. ನಮ್ಮಣ್ಣಂಗೂ ಟ್ಯಾಗ್ ಮಾಡಿದೀನಿ 😄