ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಬೇಡ ಎನ್ನಲು ನಾವು ಯಾರು?

ಕನ್ನಡದ ಯುವಕ ಯುವತಿಯರೇ,

ನವೆಂಬರ್ ಒಂದಕ್ಕೆ ಬಾವುಟ ಹಿಡಿದು ಬೀದಿಗಿಳಿಯುವ ನಿಮಗೊಂದು ನೇರ ಪ್ರಶ್ನೆ. ನೀವು ಇಂಗ್ಲಿಷ್ ಕಲಿತದ್ದು ಎಲ್ಲಿ? ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಬೆಳೆದ ನಿಮಗೆ ಅದು ಅಂಗಡಿ ಬೋರ್ಡಿನಲ್ಲಿ ಸಿಕ್ಕಿತು, ಸಿನಿಮಾದಲ್ಲಿ ಸಿಕ್ಕಿತು, ಟ್ಯೂಷನ್ ಮನೆಯಲ್ಲಿ ಸಿಕ್ಕಿತು. ಸುರಪುರದ, ಪಾವಗಡದ, ಹನೂರಿನ ಹಳ್ಳಿ ಹುಡುಗಿಗೆ ಎಲ್ಲಿ ಸಿಗಬೇಕು? ಸರ್ಕಾರಿ ಶಾಲೆಯಲ್ಲಿ ಸಿಗದಿದ್ದರೆ ಅವಳಿಗೆ ಎಲ್ಲಿಯೂ ಇಲ್ಲ!

ಹೀಗೆಂದ ಕೂಡಲೇ ನಮ್ಮವರೇ ಕೆಲವರು ಕಣ್ಣು ಕೆಂಪು ಮಾಡುತ್ತಾರೆ. ಕನ್ನಡದ ಪತ್ರಿಕೆಯಲ್ಲಿ ಇಂಗ್ಲಿಷಿನ ವಕಾಲತ್ತೇ ಎನ್ನುತ್ತಾರೆ. ಸ್ವಾಮಿ, ಸ್ವಲ್ಪ ನಿಲ್ಲಿ. ಇಂಗ್ಲಿಷ್ ಮಾಧ್ಯಮ ಬೇರೆ, ಇಂಗ್ಲಿಷ್ ಭಾಷೆ ಬೇರೆ. ಲೆಕ್ಕ, ವಿಜ್ಞಾನ, ಸಮಾಜ ಎಲ್ಲವನ್ನೂ ಮಗು ಕನ್ನಡದಲ್ಲೇ ಕಲಿಯಲಿ. ಅದರಲ್ಲಿ ರಾಜಿಯೇ ಇಲ್ಲ. ಆದರೆ ಇಂಗ್ಲಿಷನ್ನು ಒಂದು ಭಾಷೆಯಾಗಿ, ಓದಿ ಬರೆದು ಮಾತನಾಡುವಷ್ಟು ಗಟ್ಟಿಯಾಗಿ ಕಲಿಸಿ ಎನ್ನುವುದು ಕನ್ನಡ ದ್ರೋಹವೇ? ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿ ಹಳ್ಳಿಯವರಿಗೆ ಮಾತ್ರ ಭಾಷಾಭಿಮಾನ ಬೋಧಿಸುವುದೇ ನಿಜವಾದ ದ್ರೋಹ!

ಸರ್ಕಾರಗಳ ಆಟವನ್ನೂ ನೋಡಿ. 1982ರ ಗೋಕಾಕ್ ಚಳವಳಿಯಲ್ಲಿ ಇಡೀ ನಾಡು ಎದ್ದು ನಿಂತಿತು. 1994ರಲ್ಲಿ 1ರಿಂದ 4ನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವೆಂಬ ಆದೇಶ ಬಂತು. 2014ರಲ್ಲಿ ಸುಪ್ರೀಂ ಕೋರ್ಟು ಸರ್ಕಾರ ಹಾಗೆ ಹೇರುವಂತಿಲ್ಲ ಎಂದಿತು. ನಡುವೆ 2007ರಲ್ಲಿ ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಇಂಗ್ಲಿಷ್ ಪುಸ್ತಕ ಬಂತು. ಪುಸ್ತಕವೇನೋ ಬಂತು, ಮೇಷ್ಟ್ರು ಬಂದರೇ? ಕನ್ನಡ, ಲೆಕ್ಕ, ಪರಿಸರ ಕಲಿಸುತ್ತಿದ್ದ ಅದೇ ಮೇಷ್ಟ್ರ ಹೆಗಲಿಗೆ ಇಂಗ್ಲಿಷನ್ನೂ ಏರಿಸಿ, ನಾಲ್ಕು ದಿನದ ತರಬೇತಿ ಕೊಟ್ಟು ಕೈತೊಳೆದುಕೊಂಡರು. ಭಾಷೆ ಕಲಿಸಲಾಗದ ಇವರೇ 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನೇ ತೆರೆದರು. ಇದಕ್ಕಿಂತ ದೊಡ್ಡ ವಿಡಂಬನೆ ಬೇಕೆ?

ಇದರ ಲಾಭ ಯಾರಿಗೆ? ನಾನು ಪಿಯುಸಿ ಓದಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಪ್ರತಿ ಏಪ್ರಿಲ್‌ನಲ್ಲಿ ನಮ್ಮ ಪ್ರೆಸ್ಸಿಗೆ ಹೋಬಳಿ ಮಟ್ಟದ ಇಂಗ್ಲಿಷ್ ಮಾಧ್ಯಮ ಶಾಲೆಗಳ ಕರಪತ್ರಗಳು ಬರುತ್ತವೆ. ಅವರು ಬರೆದು ತಂದ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಆರು ತಪ್ಪು! ತಿದ್ದುವವರು ಕನ್ನಡ ಶಾಲೆಯಲ್ಲಿ ಓದಿದ ನಾವು! ಇಂಥ ಶಾಲೆಗೆ ಸೇರಿಸಲು ರೈತ ಎಮ್ಮೆ ಮಾರುತ್ತಾನೆ. ಅವನನ್ನು ಬೈಯಬೇಡಿ. ಸರ್ಕಾರಿ ಶಾಲೆ ಒಳ್ಳೆಯ ಇಂಗ್ಲಿಷ್ ಕಲಿಸಿದ್ದರೆ ಅವನು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಕನ್ನಡ ಶಾಲೆ ಉಳಿಯಬೇಕಾದರೆ ಅಲ್ಲಿ ಇಂಗ್ಲಿಷ್ ಚೆನ್ನಾಗಿ ಕಲಿಸಬೇಕು. ಇದು ಕಹಿ, ಆದರೆ ಸತ್ಯ.

ಇನ್ನು ಇಂಟರ್‌ನೆಟ್. ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಕೇಬಲ್ ಎಳೆಯುತ್ತೇವೆಂದು ಕೇಂದ್ರ ಸರ್ಕಾರ ಒಪ್ಪಿದ್ದು 2011ರಲ್ಲಿ. ಆಮೇಲೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಿಟ್ಟರು. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಬಣ್ಣ ಬಯಲಾಯಿತು. ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದರು. ನೆಟ್‌ವರ್ಕ್ ಕೊಡದಿದ್ದರೆ ಓಟಿಲ್ಲ ಎಂದು ಶಿವಮೊಗ್ಗ ಜಿಲ್ಲೆಯ ಹಳ್ಳಿಗಳು ಹೇಳಬೇಕಾಯಿತು. ಪಂಚಾಯಿತಿ ಕಚೇರಿಯ ಗೋಡೆಗೆ ಕೇಬಲ್ ಬಂದರೆ ಮಗುವಿನ ಕೈಗೆ ಪಾಠ ಬಂದಂತಲ್ಲ! ಪಕ್ಕದ ಕೇರಳದಲ್ಲಿ 2019ರಲ್ಲೇ ಹೈಕೋರ್ಟು ಇಂಟರ್‌ನೆಟ್ ಬಳಕೆಯೂ ಶಿಕ್ಷಣದ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟಿತು. ನಮ್ಮಲ್ಲಿ?

ಗ್ರಾಮೀಣ ಬ್ಯಾಂಕಿನ ಪರೀಕ್ಷೆ ಕನ್ನಡದಲ್ಲಿ ಬೇಕೆಂದು ಕನ್ನಡಿಗರು ಹೋರಾಡಿದರು. 2019ರಲ್ಲಿ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಿಗೆ ಒಪ್ಪಿಗೆ ಸಿಕ್ಕಿತು. ಪಟಾಕಿ ಹೊಡೆದೆವು. ಆದರೆ ಅರ್ಜಿ ಹಾಕುವುದು ಇಂಟರ್‌ನೆಟ್‌ನಲ್ಲಿ, ಪರೀಕ್ಷೆ ಬರೆಯುವುದು ಕಂಪ್ಯೂಟರ್ ಮುಂದೆ. ಹಳ್ಳಿಯ ಹುಡುಗ ಕೂಲಿ ಬಿಟ್ಟು ಬಸ್ ಹಿಡಿದು ತಾಲ್ಲೂಕಿನ ಸೈಬರ್ ಸೆಂಟರಿಗೆ ಹೋಗಿ, ದುಡ್ಡು ಕೊಟ್ಟು, ಇನ್ನೊಬ್ಬರ ಕೈಯಲ್ಲಿ ಅರ್ಜಿ ತುಂಬಿಸುತ್ತಾನೆ. ಒಂದು ಅಕ್ಷರ ತಪ್ಪಿದರೆ ವರ್ಷವೇ ಹೋಯಿತು. ಗೆದ್ದ ಹಕ್ಕು ಅವನ ಕೈ ಸೇರಿತೇ? ಹುಡುಗಿಯರ ಪಾಡು ಇನ್ನೂ ಕಷ್ಟ. ಮನೆಯಲ್ಲಿರುವ ಒಂದೇ ಮೊಬೈಲು ಅಣ್ಣನ ಜೇಬಿನಲ್ಲಿ!

ಇಂಟರ್‌ನೆಟ್ ಬಂದರೂ ಅದರಲ್ಲಿ ಕನ್ನಡ ಎಷ್ಟಿದೆ? ನನ್ನ ಕಸುಬಿನ ಮಾತು ಹೇಳುತ್ತೇನೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಆದರೂ ವರ್ಷಗಟ್ಟಲೆ ಕನ್ನಡ ಪುಸ್ತಕ, ಪತ್ರಿಕೆಗಳನ್ನು ಹಳೆಯ ಫಾಂಟ್‌ಗಳಲ್ಲಿ ಕಂಪೋಸ್ ಮಾಡಲಾಯಿತು. ಆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗಕ್ಕೆ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಕಾಗದದ ಮೇಲೆ ಮುದ್ದಾದ ಕನ್ನಡ. ಕಂಪ್ಯೂಟರಿನ ಪಾಲಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹಳ್ಳಿಯ ಮಗು ಕನ್ನಡದಲ್ಲಿ ಹುಡುಕಿದರೆ ಅದು ಸಿಗುವುದೇ ಇಲ್ಲ! ಕೃಷಿ, ಆರೋಗ್ಯ, ವಿಜ್ಞಾನದ ಎಷ್ಟೋ ಬರಹ ಹೀಗೆ ಪ್ರೆಸ್ಸುಗಳ ಕಂಪ್ಯೂಟರುಗಳಲ್ಲಿ ಕೊಳೆಯುತ್ತಿದೆ.

ಸರ್ಕಾರಕ್ಕೆ ನಮ್ಮ ಒತ್ತಾಯ ಇಷ್ಟೇ:

1. ಪ್ರತಿ ಸರ್ಕಾರಿ ಕನ್ನಡ ಶಾಲೆಗೆ ತರಬೇತಾದ ಇಂಗ್ಲಿಷ್ ಭಾಷಾ ಶಿಕ್ಷಕರನ್ನು ಕೊಡಿ.
2. ಪ್ರತಿ ಪಂಚಾಯಿತಿ ಗ್ರಂಥಾಲಯದಲ್ಲಿ ಓಡುವ ಕಂಪ್ಯೂಟರು, ನಿಲ್ಲದ ಇಂಟರ್‌ನೆಟ್ ಇರಲಿ. ಸಂಜೆಯೂ ಬಾಗಿಲು ತೆರೆದಿರಲಿ. ಹೆಣ್ಣುಮಕ್ಕಳಿಗೆ ಸಮಯ ಮೀಸಲಿಡಿ.
3. ಉದ್ಯೋಗದ ಅರ್ಜಿಗಳೆಲ್ಲ ಕನ್ನಡದಲ್ಲಿರಲಿ.
4. ಸರ್ಕಾರದ ದುಡ್ಡಿನಲ್ಲಿ ಅಚ್ಚಾದ ಹಳೆಯ ಕನ್ನಡ ಬರಹಗಳನ್ನು ಯೂನಿಕೋಡ್‌ಗೆ ತಂದು ಎಲ್ಲರಿಗೂ ತೆರೆದಿಡಿ.

ನಗರದ ಗೆಳೆಯರೇ, ನಿಮಗೂ ಕೆಲಸವಿದೆ. ಯುಗಾದಿಗೆ, ದಸರೆಗೆ ಊರಿಗೆ ಹೋಗುತ್ತೀರಲ್ಲ, ಹೋಳಿಗೆ ತಿಂದು ವಾಪಸು ಬರಬೇಡಿ. ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ ಕಂಪ್ಯೂಟರ್ ಓಡುತ್ತಿದೆಯೇ ನೋಡಿ. ಓಡದಿದ್ದರೆ ಪಿಡಿಒ ಅವರನ್ನು ಕೇಳಿ, ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಇಂಗ್ಲಿಷ್ ಹೇಳಿಕೊಡಿ. ನಿಮಗೆ ಗೊತ್ತಿರುವ ವಿಷಯವನ್ನು ಕನ್ನಡ ವಿಕಿಪೀಡಿಯಾದಲ್ಲಿ ಬರೆಯಿರಿ. ಬೋರ್ಡಿಗೆ ಮಸಿ ಬಳಿಯಲು ಅರ್ಧ ಗಂಟೆ ಸಾಕು. ಒಂದು ಮಗುವನ್ನು ಎರಡು ಭಾಷೆಯಲ್ಲಿ ನಿಲ್ಲಿಸಲು ವರ್ಷಗಳು ಬೇಕು. ಆ ವರ್ಷಗಳನ್ನು ಕೊಡುವ ಛಲ ನಿಮಗಿದೆಯೇ?

ಹಳ್ಳಿಯ ಕನ್ನಡಿಗ ಸೋತರೆ ಕನ್ನಡ ಸೋತಂತೆ. ಎದ್ದೇಳಿ!