‘ಮುಂದುವರಿಯುವುದು’ ಎಂಬ ಮಾತು

ಧಾರಾವಾಹಿಯ ಕೊನೆಯಲ್ಲಿ ಅಚ್ಚಾಗುವ ‘ಮುಂದುವರಿಯುವುದು’ ಎಂಬ ಒಂದು ಮಾತಿನ ಬೆಲೆ ಎಷ್ಟೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಅದನ್ನು ನಂಬಿಯೇ ಅಲ್ಲವೇ ನಾವು ವಾರವಿಡೀ ಕಾಯುವುದು? ನಾನು ಹುಡುಗನಾಗಿದ್ದಾಗ ನಮ್ಮ ಮನೆಗೆ ವಾರಪತ್ರಿಕೆಯೊಂದು ಬರುತ್ತಿದ್ದಿತು, ಹೆಸರು ಬೇಡ. ಕಣ್ಣು ಮಂದವಾಗಿದ್ದ ಅಜ್ಜಿಗೆ ಅದರ ಧಾರಾವಾಹಿಯನ್ನು ಓದಿ ಹೇಳುವುದು ನನ್ನ ಪಾಲಿನ ಕೆಲಸ. ಒಂದು ವಾರ ಕಥೆ ಬರಲಿಲ್ಲ. ಮರುವಾರ ನೋಡಿದರೆ ಅದರ ಸ್ಥಾನದಲ್ಲಿ ಬೇರೊಂದು ಕಥೆ ಕುಳಿತಿದ್ದಿತು. ಏಕೆಂದು ಯಾರೂ ಹೇಳಲಿಲ್ಲ. ಅಜ್ಜಿ ಮಾತ್ರ ಎಷ್ಟೋ ತಿಂಗಳು, “ಆ ಹುಡುಗಿಯ ಗತಿ ಏನಾಯಿತೋ ಮಗು?” ಎಂದು ಕೇಳುತ್ತಲೇ ಇದ್ದರು.

ಇದು ಈಗ ನೆನಪಾಗಲು ಕಾರಣ ನನ್ನ ವಿದ್ಯಾರ್ಥಿಯೊಬ್ಬ. ಹಳಗನ್ನಡದ ಪಾಠದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸುವ ಈ ಮಹಾಶಯ, ಗಣಕಯಂತ್ರದ ಆಟಗಳ ವಿಷಯ ಬಂದಿತೆಂದರೆ ಸಾಕ್ಷಾತ್ ಪಂಡಿತ. “ಸಾರ್, ನಿಂತುಹೋದ ಆಟಕ್ಕಾಗಿಯೂ ಜನ ಮರುಗುತ್ತಾರೆ, ಗೊತ್ತೇ?” ಎಂದು ಅವನು ಕೇಳಿದಾಗ ನಾನು ನಕ್ಕುಬಿಟ್ಟೆ. ಅವನು ಹೇಳಿದ ಕಥೆಯನ್ನು ಕೇಳಿ, ಮೇಲೆ ನಾನೂ ಒಂದಿಷ್ಟು ಓದಿ ತಿಳಿದಮೇಲೆ, ಆ ನಗೆಗಾಗಿ ನಾಚಿಕೆಯಾಯಿತು.

ಕೆನಡಾ ದೇಶದ ಎಡ್ಮಂಟನ್ ನಗರದಲ್ಲಿ ಬಯೋವೇರ್ ಎಂಬ ಸಂಸ್ಥೆಯಿದೆ. 1995ರಲ್ಲಿ ಅದನ್ನು ಕಟ್ಟಿದವರು ವೈದ್ಯಶಾಸ್ತ್ರ ಓದಿದ ಮೂವರು ತರುಣರು. ಮಾಸ್ ಎಫೆಕ್ಟ್, ಡ್ರ್ಯಾಗನ್ ಏಜ್ ಮೊದಲಾದ ಕಥಾಪ್ರಧಾನ ಆಟಗಳಿಂದ ಅದಕ್ಕೆ ದೊಡ್ಡ ಹೆಸರು ಬಂದಿತು. ಆ ಸಂಸ್ಥೆ 2017ರ ಜೂನ್ ತಿಂಗಳಲ್ಲಿ ‘ಆಂಥೆಮ್’ ಎಂಬ ಹೊಸ ಆಟವನ್ನು ಲೋಕಕ್ಕೆ ಪರಿಚಯಿಸಿತು. ಅಂತರ್ಜಾಲದ ಮೂಲಕ ನಾಲ್ವರು ಜತೆಗೂಡಿ ಆಡುವ ಗುಂಡಿನ ಕಾಳಗದ ಆಟ. ಆಟಗಾರನು ಜಾವೆಲಿನ್ ಎಂಬ ಲೋಹಕವಚವನ್ನು ತೊಟ್ಟು, ಕಾಡು, ಕಣಿವೆ, ಜಲಪಾತಗಳ ಮೇಲೆ ಗರುಡನಂತೆ ಹಾರಬಹುದು. ನೋಡಿದವರು ಬೆರಗಾದರು, ಮುಂಗಡವಾಗಿ ಹಣ ಕೊಟ್ಟು ಕಾದರು.

2019ರ ಫೆಬ್ರವರಿ 22ರಂದು ಆಟ ಹೊರಬಿದ್ದಿತು. ಹಾರಾಟವೇನೋ ಸೊಗಸಾಗಿಯೇ ಇದ್ದಿತು. ಆದರೆ ಹಾರಿ ಹೋಗಿ ಮಾಡುವುದಾದರೂ ಏನು? ಮಾಡಿದ ಕೆಲಸವನ್ನೇ ಮಾಡಬೇಕು. ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಲು ಪರದೆಯ ಮುಂದೆ ಕೈಕಟ್ಟಿ ಕಾಯಬೇಕು. ತನ್ನ ಆಯುಧವನ್ನು ಬದಲಾಯಿಸಿಕೊಳ್ಳಲೂ ಕಾಯಬೇಕು. ಶತ್ರುಗಳನ್ನು ಗೆದ್ದಾಗ ಸಿಗುವ ಬಹುಮಾನಗಳೋ, ಜಿಪುಣನ ಮನೆಯ ದಕ್ಷಿಣೆಯಂತೆ! ಇವೆಲ್ಲಕ್ಕೂ ಕಳಶವಿಟ್ಟಂತೆ ಒಂದು ವಿನೋದ ನಡೆಯಿತು. ಆಟದ ಆರಂಭದಲ್ಲಿ ಎಲ್ಲರಿಗೂ ಕೊಡುವ ಸಾಧಾರಣ ಬಂದೂಕೇ, ನೂರಾರು ಗಂಟೆ ಹೆಣಗಿ ಸಂಪಾದಿಸಿದ ದಿವ್ಯಾಯುಧಗಳಿಗಿಂತ ಬಲವಾದ ಪೆಟ್ಟು ಕೊಡುತ್ತಿದೆಯೆಂದು ಆಟಗಾರರೇ ಲೆಕ್ಕ ಹಾಕಿ ತೋರಿಸಿದರು. ತಪಸ್ಸು ಮಾಡಿ ಪಾಶುಪತವನ್ನು ಪಡೆದ ಅರ್ಜುನನಿಗೆ, ನಿನ್ನ ಹಳೆಯ ಬಿಲ್ಲೇ ಸಾಕಾಗಿತ್ತಯ್ಯ ಎಂದಂತಾಯಿತು.

ಹೀಗೇಕಾಯಿತು? ಜೇಸನ್ ಶ್ರೈಯರ್ ಎಂಬ ಅಮೆರಿಕದ ಪತ್ರಕರ್ತ ಅದೇ ವರ್ಷದ ಏಪ್ರಿಲ್‌ನಲ್ಲಿ ಇದರ ಒಳಗನ್ನು ಬಯಲಿಗಿಟ್ಟನು. ಸುಮಾರು ಏಳು ವರ್ಷ ಕೈಯಲ್ಲಿದ್ದ ಆಟವು ನಿಜವಾಗಿ ರೂಪುಗೊಂಡದ್ದು ಕೊನೆಯ ಹದಿನೆಂಟು ತಿಂಗಳುಗಳಲ್ಲಿ. ಆಟದ ಜೀವಾಳವೆನಿಸಿದ ಹಾರಾಟವನ್ನೇ ಸೇರಿಸುವುದು, ತೆಗೆಯುವುದು, ಮತ್ತೆ ಸೇರಿಸುವುದು ನಡೆದಿದ್ದಿತಂತೆ. ಏನು ಮಾಡಬೇಕೆಂದು ಹಿರಿಯರು ನಿಶ್ಚಯಿಸಲಿಲ್ಲ. ಅದರ ಭಾರವನ್ನು ಕಿರಿಯರು ಹೊತ್ತು ಬಳಲಿದರು. ನಮ್ಮ ಎಷ್ಟೋ ಸಂಸಾರಗಳ, ಸಂಸ್ಥೆಗಳ ಕಥೆಯೂ ಇದಲ್ಲವೇ?

ಆದರೂ ಕೆಲವು ಆಟಗಾರರು ಬಿಟ್ಟುಹೋಗಲಿಲ್ಲ. 2020ರ ಫೆಬ್ರವರಿಯಲ್ಲಿ ಸಂಸ್ಥೆಯ ಮುಖ್ಯಸ್ಥ ಕೇಸಿ ಹಡ್ಸನ್, ಆಟವನ್ನು ಬುಡದಿಂದಲೇ ತಿದ್ದಿ ಕಟ್ಟುವುದಾಗಿ ಮಾತು ಕೊಟ್ಟನು. ಅಮೆರಿಕದ ಆಸ್ಟಿನ್ ನಗರದಲ್ಲಿ ಕ್ರಿಶ್ಚಿಯನ್ ಡೇಲಿಯ ಕೈಕೆಳಗೆ ಸುಮಾರು 30 ಜನರ ತಂಡ ಕೆಲಸಕ್ಕೆ ಕುಳಿತಿತು. ಹೊಸ ಆಯುಧಕ್ರಮ, ಹೊಸ ಕವಚ ಎಂದು ಆಗಾಗ್ಗೆ ಚಿತ್ರಗಳು ಬಂದವು. ಉಳಿದವರ ಆಸೆ ಚಿಗುರಿತು. ಅಷ್ಟರಲ್ಲಿ ಮಹಾಮಾರಿ ಬಂದಿತು. ಡಿಸೆಂಬರ್‌ನಲ್ಲಿ ಹಡ್ಸನ್ನನೂ ಸಂಸ್ಥೆಯನ್ನು ಬಿಟ್ಟನು. 2021ರ ಫೆಬ್ರವರಿ 24ರಂದು ಡೇಲಿಯೇ ಬರೆದು ತಿಳಿಸಿದನು: ಜೀರ್ಣೋದ್ಧಾರದ ಕಾರ್ಯ ನಿಂತಿತು, ಇನ್ನು ಡ್ರ್ಯಾಗನ್ ಏಜ್, ಮಾಸ್ ಎಫೆಕ್ಟ್‌ಗಳ ಕಡೆಗೇ ಗಮನ, ಇರುವ ಆಟ ಇದ್ದಂತೆ ನಡೆಯುವುದು.

ಆ ದಿನ ಆಟಗಾರರಾಡಿದ ಮಾತುಗಳಲ್ಲಿ ಮಾನವಸ್ವಭಾವದ ಎಲ್ಲ ಬಣ್ಣಗಳೂ ಇದ್ದವು. ‘ನಾವು ಮೊದಲೇ ಹೇಳಲಿಲ್ಲವೇ’ ಎಂದವರುಂಟು. ಅಂಥವರು ಯಾವ ಸಾವಿನ ಮನೆಯಲ್ಲಿ ಇಲ್ಲ? ಅರುವತ್ತು ಡಾಲರು ತೆತ್ತು ಬರಿಯ ವಾಗ್ದಾನವನ್ನು ಕೊಂಡೆವಲ್ಲಾ ಎಂದು ಸಿಟ್ಟಾದವರುಂಟು. ಕೆಲಸಗಾರರದೇನೂ ತಪ್ಪಿಲ್ಲ, ಪಾಪ, ಅವರ ಶ್ರಮವೂ ಮಣ್ಣುಪಾಲಾಯಿತಲ್ಲಾ ಎಂದು ಮರುಗಿದವರುಂಟು. ನನ್ನ ಮನಸ್ಸನ್ನು ತಟ್ಟಿದವರು ನಾಲ್ಕನೆಯ ಬಗೆಯವರು. ಅವರು ಹೆಚ್ಚು ಮಾತನಾಡಲಿಲ್ಲ. ಮತ್ತೆ ಕವಚ ತೊಟ್ಟು ಆ ಜಲಪಾತಗಳ ಮೇಲೆ ಹಾರಿಬರಲು ಹೋದರು.

ಅವರ ಆಸೆ ಹುಚ್ಚು ಆಸೆಯೆನ್ನುವಂತಿಲ್ಲ. ಜಪಾನಿನ ಸ್ಕ್ವೇರ್ ಎನಿಕ್ಸ್ ಸಂಸ್ಥೆ 2010ರಲ್ಲಿ ಹೊರತಂದ ‘ಫೈನಲ್ ಫ್ಯಾಂಟಸಿ’ ಮಾಲೆಯ ಹದಿನಾಲ್ಕನೆಯ ಆಟ ನೆಲಕಚ್ಚಿದಾಗ, ನವೊಕಿ ಯೊಶಿದಾ ಎಂಬಾತ ಅದರ ಹೊಣೆ ಹೊತ್ತನು. ಆಟದೊಳಗಿನ ಹಳೆಯ ಲೋಕಕ್ಕೆ ಕಥೆಯಲ್ಲಿಯೇ ಪ್ರಳಯವನ್ನು ತಂದು, 2013ರಲ್ಲಿ ಹೊಸ ಲೋಕವನ್ನು ಕಟ್ಟಿಕೊಟ್ಟು ಗೆದ್ದನು. ಇಂಗ್ಲೆಂಡಿನ ಒಂದು ಸಣ್ಣ ತಂಡ 2016ರಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಎಂಬ ಆಟವನ್ನು ತಂದು ಬೈಸಿಕೊಂಡಿತು. ಆಮೇಲೆ ವರ್ಷವರ್ಷವೂ ಬಿಟ್ಟಿಯಾಗಿಯೇ ತಿದ್ದಿ ಬೆಳೆಸಿ ಋಣ ತೀರಿಸಿತು. ಬಿದ್ದದ್ದನ್ನು ಎತ್ತಿದವರು ಉಂಟು. ಎತ್ತುವ ಮನಸ್ಸು ಬೇಕು, ಹಣದ ಚೀಲ ಹಿಡಿದವರಿಗೆ ತಾಳ್ಮೆಯೂ ಬೇಕು.

ಇಲ್ಲಿ ನನ್ನ ವೃತ್ತಿಯ ಮಾತೊಂದನ್ನು ಆಡಿದರೆ ವಾಚಕರು ಕ್ಷಮಿಸಬೇಕು. ಬಾಣನು ‘ಕಾದಂಬರಿ’ಯನ್ನು ಅರ್ಧಕ್ಕೆ ಬಿಟ್ಟು ತೀರಿಕೊಂಡನು, ಮಗ ಅದನ್ನು ಪೂರೈಸಿದನು. ನಮ್ಮ ಕುಮಾರವ್ಯಾಸನು ಹತ್ತು ಪರ್ವಗಳಿಗೇ ಭಾರತವನ್ನು ನಿಲ್ಲಿಸಿದನು. ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಉಳಿದ ಪರ್ವಗಳನ್ನು ಬರೆದನು. ಕುಮಾರವ್ಯಾಸನ ಸಮಕ್ಕೆ ತಿಮ್ಮಣ್ಣ ಏರಿದನೇ ಎಂಬುದು ಬೇರೆ ಪ್ರಶ್ನೆ. ಅವನಿಗೆ ಬರೆಯಲು ಸಾಧ್ಯವಾಯಿತಲ್ಲ, ಅದು ದೊಡ್ಡದು. ಏಕೆ ಸಾಧ್ಯವಾಯಿತು? ಓಲೆಗರಿಗಳು ಜನರ ಮನೆಗಳಲ್ಲಿದ್ದವು. ಕಾವ್ಯ ಯಾರೊಬ್ಬರ ಬೀರುವಿನಲ್ಲಿಯೂ ಬೀಗ ಹಾಕಿಸಿಕೊಂಡು ಕುಳಿತಿರಲಿಲ್ಲ.

ಆಂಥೆಮ್ ಹಾಗಲ್ಲ. ಒಬ್ಬನೇ ಆಡಿದರೂ ಅದಕ್ಕೆ ಒಡೆಯರ ಸರ್ವರ್ ಯಂತ್ರದ ಅಪ್ಪಣೆ ಬೇಕು. ಬಯೋವೇರ್‌ನ ಒಡೆತನ ಹೊಂದಿದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪೆನಿ, ಆ ಯಂತ್ರಗಳನ್ನು ನಿಲ್ಲಿಸಲು 2026ರ ಜನವರಿ 12ನೆಯ ದಿನವನ್ನು ಗೊತ್ತುಮಾಡಿ, 2025ರ ಜುಲೈಯಲ್ಲಿಯೇ ಸಾರಿತು. ಯಂತ್ರ ನಿಂತರೆ ಹಣ ಕೊಟ್ಟು ತಂದ ತಟ್ಟೆ ಬರಿಯ ತಟ್ಟೆ. ಪೂರೈಸುತ್ತೇನೆಂದು ತಿಮ್ಮಣ್ಣನಂಥವನೊಬ್ಬ ಮುಂದೆ ಬಂದರೂ ಅವನ ಕೈಗೆ ಓಲೆಗರಿಯೇ ಸಿಗದು.

ಆಟಗಾರರ ಅಳಲಿನ ತಿರುಳು ಇದೇ ಎಂದು ನನಗೆ ತೋರುತ್ತದೆ. ‘ದಿ ಕ್ರೂ’ ಎಂಬ ಇನ್ನೊಂದು ಆಟವನ್ನು ಅದರ ಒಡೆಯರು 2024ರಲ್ಲಿ ಹೀಗೆಯೇ ನಿಲ್ಲಿಸಿದಾಗ, ರಾಸ್ ಸ್ಕಾಟ್ ಎಂಬಾತ, ಮಾರಿದ ಆಟವನ್ನು ಕೊಲ್ಲಬೇಡಿ ಎಂದು ಚಳವಳಿ ಹೂಡಿದನು. ಕಂಪೆನಿಗಳು ಅನಂತಕಾಲ ಯಂತ್ರ ನಡೆಸಲಿ ಎಂಬುದು ಅವರ ಹಟವಲ್ಲ. ಬಿಟ್ಟುಹೋಗುವಾಗ ಆಡುವ ದಾರಿಯೊಂದನ್ನು ಉಳಿಸಿಹೋಗಲಿ ಎಂಬುದಷ್ಟೇ ಕೋರಿಕೆ. ಯುರೋಪಿನಲ್ಲಿ ಇದಕ್ಕೆ ಬಿದ್ದ ರುಜುಗಳು 2025ರ ಜುಲೈ ವೇಳೆಗೆ 10 ಲಕ್ಷವನ್ನು ದಾಟಿದವು. ಇದನ್ನು ಹುಡುಗಾಟಿಕೆಯೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪದು.

ಅಂದ ಹಾಗೆ, ನಮ್ಮ ಅಜ್ಜಿಯ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಒಂದು ದಿನ ಅವರು ಹಳೆಯ ಸಂಚಿಕೆಗಳನ್ನೆಲ್ಲ ಟ್ರಂಕಿನಿಂದ ತೆಗೆಸಿ, ಮೊದಲಿನಿಂದ ಮತ್ತೆ ಓದಿಸಿದರು. ಓದು ಮುಗಿದಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹುಡುಗಿ ತವರಿಗೆ ಹೋಗಲಿಲ್ಲ ಮಗು. ಮೇಷ್ಟ್ರ ಕೆಲಸ ಹಿಡಿದು ತಮ್ಮನನ್ನು ಓದಿಸಿದಳು, ಅಷ್ಟೇ” ಎಂದು ತೀರ್ಪು ಕೊಟ್ಟು, ಸಂಚಿಕೆಗಳನ್ನು ತಿರುಗಿ ಟ್ರಂಕಿಗೆ ಹಾಕಿಸಿದರು.

ಆ ಟ್ರಂಕು ಈಗಲೂ ನಮ್ಮ ಮನೆಯಲ್ಲಿದೆ. ನನ್ನ ವಿದ್ಯಾರ್ಥಿಗೆ ಇದನ್ನು ಹೇಳಿದೆ. ಅವನು ಬಹಳ ಹೊತ್ತು ಯೋಚಿಸಿ, “ನಮಗೆ ಟ್ರಂಕೇ ಇಲ್ಲವಲ್ಲ ಸಾರ್” ಎಂದನು. ಈ ಸಲ ನಾನು ನಗಲಿಲ್ಲ.